ಭದ್ರಾಳ ಅಪ್ಪ

ಚಿತ್ತವಾಡ್ಗಿ, ಹೊಸಪೇಟೆ
11 ನವೆಂಬರ್ 2025, ಮಂಗಳವಾರ

ಪ್ರೀತಿಯ ಮಗಳು ವೇಣಿಗೆ, ಅಪ್ಪ ಮಾಡುವ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಕೊಚ್ಚಿಯಲ್ಲಿ ಮಳೆ ಇನ್ನೂ ನಿಂತಿಲ್ಲ ಎಂದು ಪೇಪರಿನಲ್ಲಿ ಓದಿದೆ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲೇ ಒಣಹಾಕಬೇಡ, ನಿನ್ನದು ಮೊದಲೇ ಶೀತದ ಮೈ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಎಡ ಮೊಣಕಾಲು ಬೆಳಿಗ್ಗೆ ಒಂದು ತಾಸು ಸತಾಯಿಸುತ್ತದೆ, ಬಿಸಿಲು ಬಂದ ಮೇಲೆ ಸುಮ್ಮನಾಗುತ್ತದೆ. ನನ್ನ ಬಿ.ಪಿ. ಕಳೆದ ವಾರ ನೂರಾ ಮೂವತ್ತು, ಎಂಬತ್ತೆರಡು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ದಿನಾ ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಹೋಗಿಬರುತ್ತೇನೆ. ಡಾಕ್ಟರು ಜೋರಾಗಿ ನಡೆಯಿರಿ ಎಂದಿದ್ದಾರೆ, ನಾನು ನನ್ನ ನಡಿಗೆಯಲ್ಲೇ ನಡೆಯುತ್ತೇನೆ.

ಕಾಗದ ಬಂದಿದೆ ಎಂದು ಗಾಬರಿಯಾಗಬೇಡ. ಏನೂ ಆಗಿಲ್ಲ. ನಾನು ಜೀವಮಾನದಲ್ಲಿ ಕೈಯಾರೆ ಬರೆದದ್ದು ಡ್ಯಾಮಿನ ನೀರಿನ ಮಟ್ಟ ಮತ್ತು ರಜೆಯ ಅರ್ಜಿ, ಈ ಎರಡೇ. ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಹೇಗೆಂದು ನಿನಗೇ ಗೊತ್ತು. ಉಂಡೆಯಾ ಎಂದು ನಾನು ಕೇಳುತ್ತೇನೆ, ಉಂಡೆ ಎನ್ನುತ್ತೀ. ಡ್ಯಾಂ ಇಷ್ಟಿದೆ ಎನ್ನುತ್ತೇನೆ, ಹೌದಾ ಎನ್ನುತ್ತೀ. ಇಡಲಾ ಎಂದರೆ ಇಡು. ಅಷ್ಟಕ್ಕೆ ಮುಗಿಯುತ್ತದೆ. ಈಗ ಎರಡು ತಿಂಗಳಿಂದ ಅದೂ ಇಲ್ಲ, ನೀನು ಅಮ್ಮನ ಫೋನಿಗೇ ಮಾಡುತ್ತಿದ್ದೀ. ಅಪ್ಪ ಎಲ್ಲಿ ಎಂದು ಕೇಳುತ್ತೀ, ಅವಳು ನನಗೆ ಕೊಡಲು ಬರುವಷ್ಟರಲ್ಲಿ ಯಾರೋ ಕರೆದರು ಎಂದು ಇಡುತ್ತೀ. ದೀಪಾವಳಿಗೂ ಬರಲಿಲ್ಲ. ಕೆಲಸ ಇರಬಹುದು ಎಂದು ನಾನೂ ಹೆಚ್ಚು ಯೋಚಿಸಿರಲಿಲ್ಲ.

ವಿಷಯ ಏನೆಂದರೆ, ಮೊನ್ನೆ ಭಾನುವಾರ ನಾವಿಬ್ಬರೂ ಸಂಡೂರಿಗೆ ಹೋಗಿ ನೀನು ಕಥೆ ಬರೆದ ಮಲಯಾಳಂ ಸಿನಿಮಾ ನೋಡಿ ಬಂದೆವು.

ಕುರಿಯಾಕೋಸ್ ಅವರು ನಿನಗೆ ನೆನಪಿರಬೇಕು. ಎರಡು ವರ್ಷದ ಹಿಂದೆ ನನಗೆ ಹಾರ್ಟ್ ಅಟ್ಯಾಕ್ ಆದಾಗ ಬಳ್ಳಾರಿ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದವರು. ಕೊಟ್ಟಾಯಂ ಕಡೆಯವರಾದರೂ ದೋಣಿಮಲೈ ಗಣಿಯಲ್ಲಿ ಮೂವತ್ತೈದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು, ರಿಟೈರ್ ಆದ ಮೇಲೆ ಊರಿಗೆ ಹೋಗದೆ ಸಂಡೂರಿನಲ್ಲೇ ಮನೆ ಕಟ್ಟಿಸಿಕೊಂಡರು. ಆಗಿನಿಂದ ನಮಗೆ ಹೋಗಿ ಬರುವ ಬಳಕೆ ಇದೆ, ಒಬ್ಬರ ಮಾತ್ರೆ ಇನ್ನೊಬ್ಬರು ವಿಚಾರಿಸಿಕೊಳ್ಳುತ್ತೇವೆ. ಅವರು ಶುಕ್ರವಾರ ಫೋನ್ ಮಾಡಿ, “ಅಣ್ಣಾ, ನಿಮ್ ಮಗಳ ಸಿನಿಮಾ ಟೀವಿಯಾಗ ಬಂದೈತಿ. ಕಥೆ ಆಕೀದೇ ಅಂತ ಹೆಸರು ಹಾಕ್ಯಾರ. ಬರ್ರಿ, ಕುಂತು ನೋಡಣ. ನಾನು ಅರ್ಥ ಹೇಳ್ತೀನಿ” ಎಂದರು. ನೀನು ಆರು ತಿಂಗಳ ಹಿಂದೆ ಆ ಸಿನಿಮಾದ ಮಾತು ಬಂದಾಗ, “ಅದು ಸಿಟಿ ಹುಡುಗ್ರ ಕಥೆಯಪ್ಪಾ, ನಿಮಗ ಸೇರಂಗಿಲ್ಲ, ನೋಡಬ್ಯಾಡ್ರಿ” ಎಂದಿದ್ದೆ. ನಿನ್ನ ಮಾತು ಮೀರಿದೆವು. ಅದರಲ್ಲಿ ನಿನ್ನ ಅಮ್ಮನ ಪಾಲು ಹೆಚ್ಚು. ಶನಿವಾರವೇ ಅವಳು ಅವರ ಮನೆಗೆಂದು ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿ ಇಟ್ಟಿದ್ದಳು.

ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋದೆವು. ಅದಿರಿನ ಲಾರಿಗಳು ಭಾನುವಾರವಾದ್ದರಿಂದ ಕಡಿಮೆ ಇದ್ದವು. ಆದರೂ ಸಂಡೂರಿನಲ್ಲಿ ಇಳಿದಾಗ ನನ್ನ ಬಿಳಿ ಅಂಗಿಯ ಕಾಲರು ಕೆಂಪಾಗಿತ್ತು. ಕುರಿಯಾಕೋಸ್ ಮತ್ತು ಅವರ ಹೆಂಡತಿ ಇಬ್ಬರೂ ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಟೀವಿಯ ಮುಂದೆ ನಾಲ್ಕು ಕುರ್ಚಿ ಹಾಕಿ, ಬಾಳೆಕಾಯಿ ಚಿಪ್ಸ್ ತಟ್ಟೆಯಲ್ಲಿಟ್ಟು, ಕಿಟಕಿಯ ಪರದೆ ಎಳೆದಿದ್ದರು. ಹೆಸರು ಬರುವಾಗ ಕುರಿಯಾಕೋಸ್ ಎದ್ದು ಹೋಗಿ ಟೀವಿಯ ಮೇಲೆ ಬೆರಳಿಟ್ಟು, “ಇದು ನೋಡ್ರಿ, ಕಥೆ, ತ್ರಿವೇಣಿ ಕೆ.” ಎಂದು ಓದಿದರು. ನಿನ್ನ ಅಮ್ಮ ಫೋಟೋ ಹೊಡೆಯಲು ಫೋನು ತೆಗೆಯುವಷ್ಟರಲ್ಲಿ ಹೆಸರು ಹೋಯಿತು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಸಿದಳು. ಹೀಗೆ ಮೂರು ಸಲ. ಮೂರನೆಯ ಸಲ ಬಂದ ಫೋಟೋದಲ್ಲಿ ನಿನ್ನ ಹೆಸರಿಗಿಂತ ಕುರಿಯಾಕೋಸ್ ಅವರ ಬೆರಳೇ ದೊಡ್ಡದಾಗಿ ಬಂದಿದೆ.

ಸಿನಿಮಾ ಚೆನ್ನಾಗಿದೆ. ನಾನು ಸಿನಿಮಾ ತಿಳಿದವನಲ್ಲ, ಆದರೂ ಹೇಳುತ್ತೇನೆ. ಕೊಚ್ಚಿಯ ಒಂದು ಬಾಡಿಗೆ ಮನೆಯ ಮೇಲ್ಮಹಡಿಯಲ್ಲಿ ನಾಲ್ವರು ಗೆಳೆಯರು, ಎರಡು ಹೆಣ್ಣು, ಎರಡು ಗಂಡು. ಒಬ್ಬಳು ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತ ಬುಲೆಟ್ ಓಡಿಸುವವಳು. ಒಬ್ಬ ಹೋಟೆಲುಗಳಲ್ಲಿ ಗಿಟಾರ್ ಬಾರಿಸಿ ಹಾಡುವವನು. ಇನ್ನೊಬ್ಬ ಯಾವ ಪರೀಕ್ಷೆ ಕಟ್ಟಿದರೂ ಫೇಲಾಗಿ, ಮೂವರಿಗೂ ಅಡುಗೆ ಮಾಡಿ ಹಾಕುವವನು. ನಾಲ್ಕನೆಯವಳು ನಮ್ಮ ಕಡೆಯಿಂದ ಹೋದ ಭದ್ರಾ. ಅವಳಿಗೆ ಸರಿಯಾಗಿ ಮಲಯಾಳಂ ಬರುವುದಿಲ್ಲ, ಉಳಿದವರು ಕಾಡಿಸುತ್ತಾರೆ. ಜಗಳ, ಮುನಿಸು, ಮಳೆಯಲ್ಲಿ ಒಂದೇ ಕೊಡೆ, ಓನರ್ ಹೆಂಗಸಿನ ಕಾಟ, ಎಲ್ಲ ಇದೆ. ಕುರಿಯಾಕೋಸ್ ಅವರ ಹೆಂಡತಿ ನಕ್ಕು ನಕ್ಕು ಕೆಮ್ಮಿದರು. ಅರ್ಥ ಹೇಳುವುದನ್ನು ಬಿಟ್ಟು ಕುರಿಯಾಕೋಸ್ ಅವರೂ ನಗುತ್ತಿದ್ದರು, ನಾವು ಅವರು ನಗುವುದನ್ನು ನೋಡಿ ನಗುತ್ತಿದ್ದೆವು. ನೀನು ಅಲ್ಲಿ ಹೋದ ಮೊದಲ ವರ್ಷ ಹೇಗಿದ್ದೆ, ಯಾರ ಜೊತೆ ಉಂಡೆ, ಯಾರ ಜೊತೆ ಜಗಳಾಡಿದೆ ಎಂಬುದು ನನಗೆ ಸ್ವಲ್ಪ ತಿಳಿದಂತಾಯಿತು. ಇದನ್ನೆಲ್ಲ ನಾನು ಆಗ ಕೇಳಬೇಕಿತ್ತು. ಉಂಡೆಯಾ ಎಂದು ಮಾತ್ರ ಕೇಳಿದೆ.

ಭದ್ರಾಳಿಗೆ ತಾಯಿ ಇಲ್ಲ. ಮೊದಲ ಸೀನಿನಲ್ಲೇ ಗೋಡೆಯ ಮೇಲೆ ಫೋಟೋ, ಅದಕ್ಕೆ ಗಂಧದ ಹಾರ. ಇದು ಯಾರು ಎಂದು ನಿನ್ನ ಅಮ್ಮ ಕೇಳಿದಳು. ಕುರಿಯಾಕೋಸ್ ಸಂಕೋಚದಿಂದ, “ಆ ಹುಡುಗಿ ತಾಯಿ ಅಂತ್ರಿ” ಎಂದರು. ಅವಳು, “ಹಂಗಾರ ನಾನು ಶುರುವಾಗಕ್ಕಿಂತ ಮೊದ್ಲ ಹೋಗೀನಿ” ಎಂದು ಒಂದು ಚಿಪ್ಸ್ ಬಾಯಿಗೆ ಹಾಕಿಕೊಂಡಳು. ಫೋಟೋದಲ್ಲಿದ್ದ ಹೆಂಗಸಿನ ಸೀರೆ ಮಾತ್ರ ಚೆನ್ನಾಗಿತ್ತು ಎಂದು ಮನೆಗೆ ಬಂದ ಮೇಲೆ ಹೇಳಿದಳು.

ಭದ್ರಾಳ ಅಪ್ಪ ಬಂದಾಗ ನಾನು ಮೊದಲು ಗುರುತಿಸಲಿಲ್ಲ. ಆತ ನನಗಿಂತ ಎತ್ತರ, ಹೊಟ್ಟೆ ಇಲ್ಲ, ಮೀಸೆ ದಪ್ಪ. ಖಾಕಿ ಅಂಗಿ ತೊಟ್ಟು ಒಂದು ಡ್ಯಾಮಿನ ಮೇಲೆ ನಿಂತು ಫೋನ್ ಮಾಡುತ್ತಾನೆ. ಫೋನಿನಲ್ಲಿ ಕನ್ನಡ ಮಾತಾಡುತ್ತಾನೆ, ಅದೂ ಬೆಂಗಳೂರು ಕನ್ನಡ. “ಊಟ ಆಯ್ತಾ ಮಗಳೇ? ಇವತ್ತು ನೀರು ಎರಡು ಸಾವಿರ ಅಡಿ ಇದೆ” ಎಂದ. ಆಗ ನಿನ್ನ ಅಮ್ಮ ನನ್ನ ಕಡೆ ತಿರುಗಿದಳು, ಆಗ ನನಗೂ ಗೊತ್ತಾಯಿತು. ವೇಣಿ, ನಮ್ಮ ಡ್ಯಾಂ ಪೂರ್ತಿ ತುಂಬಿದರೆ ಸಾವಿರದ ಆರುನೂರ ಮೂವತ್ತಮೂರು ಅಡಿ. ಎರಡು ಸಾವಿರ ನಿಂತರೆ ಹೊಸಪೇಟೆಯೂ ಇರುವುದಿಲ್ಲ, ಕೊಪ್ಪಳವೂ ಇರುವುದಿಲ್ಲ. ಇದನ್ನು ನೀನು ನೋಡಿಕೊಳ್ಳಬೇಕಿತ್ತು. ಅಲ್ಲದೆ ಆತ ಗೇಟು ಎತ್ತುವಾಗ ಚಕ್ರವನ್ನು ಒಂದೇ ಕೈಯಲ್ಲಿ ತಿರುಗಿಸುತ್ತಾನೆ. ನಾನು ಮೂವತ್ತೊಂದು ವರ್ಷ ಆ ಕೆಲಸ ಮಾಡಿದವನು, ಅದು ಒಂದೇ ಕೈಗೆ ಬಗ್ಗುವಂಥದ್ದಲ್ಲ. ಅವನ ಮನೆಯ ಕಿಟಕಿ ತೆರೆದರೆ ಹಂಪಿಯ ಬಂಡೆಗಳು, ಹೊಳೆ, ಹರಿಗೋಲು ಎಲ್ಲ ಕಾಣುತ್ತವೆ. ನಮ್ಮ ಕಿಟಕಿಯಿಂದ ಏನು ಕಾಣುತ್ತದೆ ಎಂಬುದು ನಿನಗೆ ಗೊತ್ತು. ಹಿಟ್ಟಿನ ಗಿರಣಿ ಮತ್ತು ಅದರ ಮುಂದೆ ನಿಂತ ಆಟೋಗಳು.

ದಿನಾ ಸಂಜೆ ಆತನ ಫೋನು ಬರುತ್ತದೆ. ಭದ್ರಾ ಅದನ್ನು ಸ್ಪೀಕರಿಗೆ ಹಾಕುತ್ತಾಳೆ. ನಾಲ್ವರೂ ಉಸಿರು ಬಿಗಿಹಿಡಿದು ಕೇಳುತ್ತಾರೆ. ಹೇಳಿದ ಅಡಿಯ ಕೊನೆಯ ಅಂಕಿ ಸಮ ಬಂದರೆ ಹುಡುಗಿಯರು ಪಾತ್ರೆ ತೊಳೆಯಬೇಕು, ಬೆಸ ಬಂದರೆ ಹುಡುಗರು. ಫೋನು ಇಟ್ಟ ಕೂಡಲೇ ಒಂದೇ ಗದ್ದಲ. ಕುರಿಯಾಕೋಸ್ ಇದಕ್ಕೆ ಅರ್ಥ ಹೇಳುವಾಗ ನನ್ನ ಮುಖ ನೋಡಲಿಲ್ಲ. ಇದು ನಿಜವಾಗಿ ನಡೆದದ್ದೇ ಎಂದು ನನಗೆ ಆ ಕ್ಷಣವೇ ತಿಳಿಯಿತು. ಏಕೆಂದರೆ ನಿನ್ನ ಮೊದಲ ವರ್ಷದಲ್ಲಿ ಎಷ್ಟೋ ಸಲ ನಾನು ಅಂಕಿ ಹೇಳಿದ ತಕ್ಷಣ ಹಿಂದೆ ಯಾರೋ ಕೇಕೆ ಹಾಕಿದ್ದು ಕೇಳಿಸುತ್ತಿತ್ತು. ಟೀವಿ ಇರಬೇಕು ಅಂದುಕೊಳ್ಳುತ್ತಿದ್ದೆ. ಇದರಿಂದ ನನಗೆ ಬೇಸರವಾಗಿರಬಹುದು ಎಂದು ನೀನು ತಿಳಿದಿದ್ದರೆ, ಆಗಿಲ್ಲ. ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಬರೆದ ಮಟ್ಟವನ್ನು ಆಫೀಸಿನಲ್ಲಿ ಯಾರೂ ಅಷ್ಟು ಕಾತರದಿಂದ ಕೇಳಿದ್ದಿಲ್ಲ.

ಇಂಟರ್ವಲ್ ಆದ ಮೇಲೆ ಸಮುದ್ರದ ದಂಡೆಯ ಸೀನು ಬಂತು. ನಾಲ್ವರೂ ಮರಳಿನಲ್ಲಿ ಕುಳಿತಿದ್ದಾರೆ. ಗಿಟಾರಿನವನಿಗೆ ಕೆನಡಾಕ್ಕೆ ಹೋಗಲು ವೀಸಾ ಬಂದಿದೆ, ಎಲ್ಲರೂ ಸೇರುವುದು ಅದೇ ಕಡೆಯ ಸಲ. ಭದ್ರಾಳ ಫೋನು ಹೊಡೆದುಕೊಳ್ಳುತ್ತದೆ. ಅದರ ಮೇಲೆ ಅಪ್ಪ ಎಂದಿಲ್ಲ, ಡ್ಯಾಂ ಎಂದಿದೆ. ಅವಳು ನೋಡಿ, ಮಲಯಾಳಂನಲ್ಲಿ ಏನೋ ಹೇಳಿ, ಫೋನನ್ನು ಮರಳಿನ ಮೇಲೆ ಬೋರಲು ಹಾಕುತ್ತಾಳೆ. ಎಲ್ಲರೂ ನಗುತ್ತಾರೆ. ಮತ್ತೆ ಹೊಡೆದುಕೊಳ್ಳುತ್ತದೆ, ಮತ್ತೆ, ಮತ್ತೆ. ಏನು ಹೇಳಿದಳು ಎಂದು ಕುರಿಯಾಕೋಸ್ ಅವರನ್ನು ಕೇಳಿದೆ. “ಇಲ್ರಿ, ಇಲ್ಲೇನು ವಿಶೇಷ ಮಾತಿಲ್ಲ” ಎಂದರು. ಮತ್ತೆ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಅಪ್ಪ ನೀರಿನ ಲೆಕ್ಕ ಹೇಳ್ತಾನ, ಆಮ್ಯಾಲ ಮಾತಾಡ್ತೀನಿ, ಅಂದ್ಲು” ಎಂದರು. ಆಮೇಲೆ ಸಿನಿಮಾ ಮುಗಿಯುವವರೆಗೂ ಅವರು ಅರ್ಥ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಹೀಗಾಗಿ ನಾನು ಸತ್ತದ್ದನ್ನು ನಾನೇ ನೋಡಿದೆ. ಆತ ಡ್ಯಾಮಿನ ಮೇಲೆ ಒಬ್ಬನೇ ಕಂಬಿ ಹಿಡಿದು ಕುಸಿಯುತ್ತಾನೆ, ಕೈಯಲ್ಲಿ ಫೋನು. ಹನ್ನೊಂದು ಸಲ ಕರೆ ಮಾಡಿದ್ದ ಎಂದು ಆಮೇಲೆ ಭದ್ರಾಳ ಫೋನಿನಲ್ಲಿ ತೋರಿಸುತ್ತಾರೆ. ನನ್ನ ಲೆಕ್ಕದಲ್ಲಿ ನಾಲ್ಕು, ನೀವು ಹನ್ನೊಂದು ಮಾಡಿದ್ದೀರಿ. ಗೆಳೆಯರು ಮೂವರೂ ಕಾರಿನಲ್ಲಿ ಅವಳನ್ನು ಕರೆದುಕೊಂಡು ಇಷ್ಟು ದೂರ ಬರುತ್ತಾರೆ. ಗಿಟಾರಿನವನು ವಿಮಾನ ಬಿಟ್ಟು ಬರುತ್ತಾನೆ. ಅಡುಗೆಯವನು ದಾರಿಯುದ್ದಕ್ಕೂ ಅವಳಿಗೆ ಒಂದೊಂದು ತುತ್ತು ತಿನ್ನಿಸುತ್ತಾನೆ. ಅದು ನನಗೆ ಭಾಳ ಹಿಡಿಸಿತು. ಹೊಳೆಯ ದಂಡೆಯಲ್ಲಿ ಅಪ್ಪನನ್ನು ಸುಡುತ್ತಾರೆ. ನಮ್ಮಲ್ಲಿ ಸುಡುವುದಿಲ್ಲ, ಕುಳ್ಳಿರಿಸಿ ಮಣ್ಣು ಮಾಡುತ್ತಾರೆ ಎಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ. ನಿನ್ನ ಅಮ್ಮ, “ಹಣೆಗೆ ಈಬತ್ತಿ ಇಲ್ಲ, ಕೊಳ್ಳಾಗ ಲಿಂಗ ಇಲ್ಲ, ಇದ್ಯಾರ ಹೆಣಾನೋ ಏನೋ” ಎಂದಳು. ಎಂದದ್ದು ಗಟ್ಟಿ ದನಿಯಲ್ಲೇ, ಆದರೆ ಸೆರಗು ಕಣ್ಣಿನ ಮೇಲಿತ್ತು. ಕೊನೆಯಲ್ಲಿ ಭದ್ರಾ ಅಪ್ಪನ ಫೋನಿನಿಂದ ತನ್ನ ಫೋನಿಗೇ ಕರೆ ಮಾಡಿಕೊಂಡು, ಎತ್ತಿ, “ಹೇಳಪ್ಪಾ” ಎನ್ನುತ್ತಾಳೆ. ಅದನ್ನು ಕನ್ನಡದಲ್ಲೇ ಬಿಟ್ಟಿದ್ದೀಯ. ಅಲ್ಲಿಗೆ ಮುಗಿಯುತ್ತದೆ.

ಪರದೆ ಸರಿಸಿದ ಮೇಲೆ ಕುರಿಯಾಕೋಸ್ ಅವರ ಹೆಂಡತಿ ಚಹಾ ಮಾಡಲು ಎದ್ದರು, ನಿನ್ನ ಅಮ್ಮ ಅವರ ಹಿಂದೆ ಒಳಗೆ ಹೋದಳು. ನಾನು, ಸಿನಿಮಾ ಚೆನ್ನಾಗೈತಿ, ಗೇಟಿನ ಚಕ್ರ ಮಾತ್ರ ತಪ್ಪು ಎಂದೆ. ಕುರಿಯಾಕೋಸ್ ತಲೆ ಆಡಿಸಿ, “ಅಣ್ಣಾ, ಒಂದು ಮಾತು ಎರಡು ವರ್ಷದಿಂದ ನನ್ನ ಹತ್ರ ಐತಿ. ಹೇಳಬೇಕೋ ಬ್ಯಾಡೋ ಗೊತ್ತಾಗ್ಲಿಲ್ಲ. ಇವತ್ತು ಹೇಳಿಬಿಡ್ತೀನಿ” ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಅವರು ಹೇಳಿದ್ದು ಇಷ್ಟು. ಬಳ್ಳಾರಿ ಆಸ್ಪತ್ರೆಯಲ್ಲಿ ನನಗೆ ಸ್ಟೆಂಟ್ ಹಾಕಿದ ಮಾರನೆಯ ದಿನ ನಾನು ನಿದ್ದೆಯಲ್ಲಿದ್ದಾಗ ನೀನು ನಮ್ಮಿಬ್ಬರ ಹಾಸಿಗೆಗಳ ನಡುವಿನ ಸ್ಟೂಲಿನ ಮೇಲೆ ಕುಳಿತಿದ್ದೆ. ಅವರು ತಮ್ಮ ಹೆಂಡತಿಯ ಜೊತೆ ಮಲಯಾಳಂನಲ್ಲಿ ಮಾತಾಡಿದ್ದು ಕೇಳಿ ನೀನೂ ಮಲಯಾಳಂನಲ್ಲಿ ಮಾತಿಗಿಳಿದೆ. ಸ್ವಲ್ಪ ಹೊತ್ತಿಗೆ ಅಳತೊಡಗಿದೆ. ನಿನ್ನ ಅಮ್ಮ ಅಲ್ಲೇ ಇದ್ದಳು, ಅವಳಿಗೆ ಭಾಷೆ ತಿಳಿಯದೆ ಅಪ್ಪನ ಚಿಂತೆಗೆ ಅಳುತ್ತಿದ್ದಾಳೆ ಅಂದುಕೊಂಡಳು. “ಆಕಿ ಏನಂದ್ಲು ಗೊತ್ತೇನ್ರಿ? ಅಂಕಲ್, ಅಪ್ಪ ನೋವಿನ್ಯಾಗ ನಾಲ್ಕು ಸಲ ಕರದಾನ. ನಾನು ನೋಡ್ಲಿಲ್ಲ ಅಂತ ಸುಳ್ಳು ಹೇಳೀನಿ. ನಾನು ನೋಡಿದೆ. ನೋಡಿ ಬೋರಲು ಹಾಕಿದೆ. ಹಂಗಂದ್ಲು. ನಾನು ನಿಮಗ ಹೇಳಬಾರದು ಅಂತ ಕೈ ಮ್ಯಾಲೆ ಕೈ ಇಡಿಸ್ಕಂಡ್ಲು. ಈಗ ಆಕೀನೇ ಸಿನಿಮಾ ಮಾಡಿ ಊರಿಗೆಲ್ಲ ಹೇಳ್ಯಾಳ, ಇನ್ನ ನಾನು ಮುಚ್ಚಿಟ್ಕಂಡು ಏನು ಮಾಡ್ಲಿ?”

 ಚಹಾ ಬಂತು, ಕುಡಿದೆ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. 2023ರ ಆಗಸ್ಟ್ 27, ಭಾನುವಾರ. ಆ ವರ್ಷ ಡ್ಯಾಂ ತುಂಬಿರಲಿಲ್ಲ. ಸಂಜೆ ನಾಲ್ಕೂ ಮುಕ್ಕಾಲರಿಂದ ಐದೂವರೆಯೊಳಗೆ ನಿನಗೆ ನಾಲ್ಕು ಸಲ ಫೋನ್ ಮಾಡಿದ್ದೆ. ಆಮೇಲೆ ಹೊಸಪೇಟೆ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬಳ್ಳಾರಿ. ನೀನು ಮಾರನೆಯ ಸಂಜೆ ಬಂದೆ. ಬಂದವಳೇ ನನ್ನ ಪಾದ ಹಿಡಿದು, “ಫೋನ್ ನೋಡ್ಲಿಲ್ಲಪ್ಪಾ” ಎಂದೆ. ನಾನು “ಇರ್ಲಿ ಬಿಡವ್ವ” ಎಂದೆ. ಅಷ್ಟೇ ನಡೆದದ್ದು. ಅಲ್ಲಿಗೆ ಅದು ಮುಗಿಯಿತು ಎಂದು ನಾನು ತಿಳಿದಿದ್ದೆ. ಆಮೇಲೆ ನೀನು ನನ್ನ ಫೋನನ್ನು ಮೊದಲ ರಿಂಗಿಗೇ ಎತ್ತುವುದನ್ನು ಗಮನಿಸಿದ್ದೆ. ಒಂದು ದಿನ ಬೆಳಿಗ್ಗೆ ಕಾಲುವೆ ದಂಡೆಯಲ್ಲಿ ನಡೆಯುವಾಗ ಜೇಬಿನಲ್ಲಿ ತಾನಾಗಿ ಒತ್ತಿಹೋಗಿ ನಿನಗೆ ಕರೆ ಹೋಗಿತ್ತು. ನೀನು ಏದುಸಿರು ಬಿಡುತ್ತ, “ಏನಾತು, ಏನಾತು, ಅಮ್ಮ ಎಲ್ಲದಾಳ” ಎಂದು ಕೂಗುತ್ತಿದ್ದೆ. ಓಡಿಬಂದು ಎತ್ತಿರಬೇಕು ಅಂದುಕೊಂಡೆ. ಎರಡು ವರ್ಷದಿಂದ ಹಾಗೇ ಓಡುತ್ತಿದ್ದೀ ಎಂಬುದು ಸಂಡೂರಿನಲ್ಲಿ ತಿಳಿಯಿತು.

ಊಟ ಮಾಡಿಕೊಂಡು ಮೂರರ ಬಸ್ಸಿಗೆ ಹೊರಟೆವು. ಕುರಿಯಾಕೋಸ್ ಹೇಳಿದ್ದನ್ನು ಬಸ್ಸಿನಲ್ಲಿ ನಿನ್ನ ಅಮ್ಮನಿಗೆ ಹೇಳಿದೆ. ಅವಳು ಬಸ್ಸು ಗುಡ್ಡ ಇಳಿಯುವಾಗ ಒಂದು ಮಾತು ಹೇಳಿದಳು. ಅದನ್ನು ಇಲ್ಲಿ ಬರೆಯುವ ಅವಶ್ಯಕತೆ ಇಲ್ಲ. ಮನೆಗೆ ಬಂದ ಮೇಲೆ ಅವಳು ನನ್ನ ಜೊತೆ ಹೆಚ್ಚು ಮಾತಾಡಿಲ್ಲ. ಇವತ್ತಿಗೆ ಮೂರನೆಯ ದಿನ.

ನಿನಗೆ ಹೇಳಬೇಕಾದದ್ದು ಇಷ್ಟೇ. ನೀನು ಫೋನ್ ನೋಡಿಯೂ ಎತ್ತಲಿಲ್ಲ ಎಂಬುದರಿಂದ ನನಗೆ ಸಿಟ್ಟಿಲ್ಲ. ಇಪ್ಪತ್ತಾರು ವರ್ಷದ ಹುಡುಗಿ ಸಮುದ್ರದ ದಂಡೆಯಲ್ಲಿ ಗೆಳೆಯರ ಜೊತೆ ಇದ್ದಾಗ ನೀರಿನ ಮಟ್ಟ ಕೇಳಬೇಕು ಎಂದು ಯಾವ ನಿಯಮವೂ ಇಲ್ಲ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ನನ್ನ ಅಪ್ಪ ಡ್ಯಾಂ ಕ್ವಾರ್ಟರ್ಸಿಗೆ ಬಂದರೆ ಹಿಂದಿನ ಬಾಗಿಲಿನಿಂದ ಹೊರಟು ಟಾಕೀಸಿಗೆ ಹೋದದ್ದಿದೆ. ಸಿನಿಮಾದಲ್ಲಿ ನನ್ನನ್ನು ಸಾಯಿಸಿದ್ದೀ ಎಂದೂ ಬೇಸರವಿಲ್ಲ. ಕಥೆಗೆ ಬೇಕಾಗಿರಬೇಕು. ನಾವು ನೋಡಿಬಿಡುತ್ತೇವೆ ಎಂದು ಅಂಜಿ ದೀಪಾವಳಿಗೆ ಬರದೆ ಇದ್ದದ್ದಾದರೆ ಅದು ಮಾತ್ರ ಸರಿಯಲ್ಲ. ನೋಡಿಯಾಗಿದೆ, ಇನ್ನು ಬರಬಹುದು. ಸಂಕ್ರಾಂತಿಗೆ ಬಾ. ಆ ಮೂವರನ್ನೂ ಕರೆದುಕೊಂಡು ಬಾ. ಗಿಟಾರಿನವನು ನಿಜವಾಗಿಯೂ ಕೆನಡಾಕ್ಕೆ ಹೋಗಿದ್ದರೆ ಇರುವವರನ್ನು ಕರೆತಾ. ಕಿಟಕಿಯಿಂದ ಕಾಣದಿದ್ದರೂ ಹಂಪಿ ಇಲ್ಲಿಗೆ ಹತ್ತಿರವೇ ಇದೆ, ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅಡುಗೆ ಹುಡುಗನಿಗೆ ರೊಟ್ಟಿ ತಟ್ಟುವುದನ್ನು ಕಲಿಸುತ್ತೇನೆ ಎಂದು ನಿನ್ನ ಅಮ್ಮ ಸಿನಿಮಾ ನೋಡುವಾಗಲೇ ಹೇಳಿದ್ದಾಳೆ. ನನ್ನ ಪಾತ್ರ ಮಾಡಿದ ಆ ಮನುಷ್ಯನಿಗೂ ನಮಸ್ಕಾರ ತಿಳಿಸು. ಚಕ್ರದ ವಿಷಯ ಅವನಿಗೆ ಹೇಳಬೇಡ, ಪಾಪ.

ಹೊತ್ತಿಗೆ ಸರಿಯಾಗಿ ಉಣ್ಣು. ಮೈ ನೋಡಿಕೋ. ನೀನು ಬರೆದದ್ದನ್ನು ನಾಲ್ಕು ಜನ ಕುಳಿತು ನೋಡಿ ಕಣ್ಣೊರೆಸಿಕೊಳ್ಳುವಂತಾಗಿದೆ, ಇನ್ನೂ ಹೆಚ್ಚಿಗೆ ಬೆಳೆ ಎಂದು ಹರಸುವ

ನಿನ್ನ ಅಪ್ಪ,
ಕೊಟ್ರಬಸಪ್ಪ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ನಿನ್ನ ಅಮ್ಮ ಬಂದು ಕಾಗದ ಇಸಿದುಕೊಂಡು ಓದಿದಳು. “ಎಲ್ಲಾ ಬರದೀರಿ, ಬರೀಬೇಕಾದ್ದು ಒಂದು ಬಿಟ್ಟು. ಅದನ್ನ ಬರದ್ರ ಟಪಾಲಿಗೆ ಹಾಕ್ರಿ, ಇಲ್ಲಾಂದ್ರ ಹರದು ಒಗೀರಿ” ಎಂದು ಎದುರಿಗೇ ನಿಂತಿದ್ದಾಳೆ. ಬಸ್ಸಿನಲ್ಲಿ ಹೇಳಿದ್ದೂ ಅದನ್ನೇ. ಅಂಚೆ ಕಚೇರಿ ಮುಚ್ಚುವ ಹೊತ್ತಾಗಿದೆ, ಬೇಗ ಬರೆಯುತ್ತೇನೆ.

ಆ ದಿನ ನಾನು ನಿನಗೆ ಫೋನ್ ಮಾಡಿದಾಗ ನನಗೆ ನೋವು ಇರಲಿಲ್ಲ. ಕಂಪ್ಲಿಯಿಂದ ಒಬ್ಬ ರೈಸ್ ಮಿಲ್ಲಿನವರು ಹೆಂಡತಿ, ಮಗನ ಸಮೇತ ನಮ್ಮ ಮನೆಯಲ್ಲಿ ಕುಳಿತಿದ್ದರು. ನಿನ್ನನ್ನು ಕೇಳಲು ಬಂದಿದ್ದರು. ಕರೆಸಿದವನು ನಾನು. ನಿನಗೂ ಹೇಳಿರಲಿಲ್ಲ, ನಿನ್ನ ಅಮ್ಮನಿಗೂ ಅವರು ಬಾಗಿಲಿಗೆ ಬಂದಾಗಲೇ ಗೊತ್ತಾದದ್ದು. ನಮ್ಮ ಹುಡುಗಿ ನನ್ನ ಮಾತು ಮೀರುವುದಿಲ್ಲ, ಈಗಲೇ ಅವಳ ಬಾಯಿಂದಲೇ ಒಪ್ಪಿಗೆ ಕೇಳಿಸುತ್ತೇನೆ ಎಂದು ಅವರಿಗೆ ಹೇಳಿ ನಾಲ್ಕು ಸಲ ಮಾಡಿದೆ. ನೀನು ಎತ್ತಲಿಲ್ಲ. ಅವರು ಮುಖ ಮುಖ ನೋಡಿಕೊಂಡು ಎದ್ದು ಹೋದರು. ಆಮೇಲೆ ನಿನ್ನ ಅಮ್ಮ ನನ್ನ ಮೇಲೆ ಹರಿಹಾಯ್ದಳು, ನಾನೂ ಕೂಗಾಡಿದೆ. ನೋವು ಬಂದದ್ದು ಏಳು ಗಂಟೆಯ ಮೇಲೆ. ಬಂದಾಗ ನಿನಗೆ ಫೋನ್ ಮಾಡಲೇ ಇಲ್ಲ. ಮಾಡಬೇಕೆಂದು ಹೊಳೆಯಲೂ ಇಲ್ಲ.

ಆಸ್ಪತ್ರೆಯಲ್ಲಿ ನೀನು ಪಾದ ಹಿಡಿದಾಗ, ನೋವಿಗೆ ಕರೆದಿದ್ದೆ ಎಂದು ನೀನು ತಿಳಿದಿದ್ದೀ ಎಂಬುದು ನನಗೆ ಗೊತ್ತಾಗಿತ್ತು. ಅಲ್ಲ ಎಂದರೆ ಯಾಕೆ ಕರೆದೆ ಎಂದು ಕೇಳುತ್ತೀ, ಕಂಪ್ಲಿಯವರ ಮಾತು ಹೊರಬೀಳುತ್ತದೆ ಎಂದು ಅಂಜಿದೆ. ಅದಕ್ಕೇ ಇರ್ಲಿ ಬಿಡವ್ವ ಎಂದದ್ದು. ನಿನ್ನನ್ನು ಕ್ಷಮಿಸಿದವನ ಹಾಗೆ ಹೇಳಿದೆ, ನೀನು ಹಾಗೇ ನಂಬಿದೆ. ನೀವೇ ಹೇಳ್ರಿ ಎಂದು ನಿನ್ನ ಅಮ್ಮ ಅಂದಿನಿಂದ ಕಾದಿದ್ದಾಳೆ. ಎರಡು ವರ್ಷ ಎರಡೂವರೆ ತಿಂಗಳು ತಳ್ಳಿದೆ. ಇಷ್ಟರಲ್ಲಿ ಅದು ನಿನ್ನ ಒಳಗೆ ಸಿನಿಮಾದಷ್ಟು ಬೆಳೆಯುತ್ತದೆ ಎಂದು ನನಗೆ ತಿಳಿಯಲಿಲ್ಲ.

ನೀನು ಎತ್ತದೆ ಇದ್ದದ್ದೇ ಒಳ್ಳೆಯದಾಯಿತು, ವೇಣಿ. ಎತ್ತಿದ್ದರೆ ಅವರ ಮುಂದೆ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿ ಹೂಂ ಅನ್ನಿಸಿಬಿಡುತ್ತಿದ್ದೆ. ಇದನ್ನು ಓದಿ ಸಿಟ್ಟು ಬಂದರೆ ಸಿಟ್ಟಾಗು, ಅದು ನನಗೆ ಬರಬೇಕಾದ್ದೇ. ಎಷ್ಟು ದಿನ ಬೇಕೋ ಅಷ್ಟು ದಿನ ನನ್ನ ಫೋನು ಎತ್ತಬೇಡ. ಆದರೆ ಓಡುವುದನ್ನು ಇವತ್ತಿಗೇ ನಿಲ್ಲಿಸು.